'ಸಂಯೋಜಕ' ಅಂದರೆ ಸಾಕಾ? ಅಮೆರಿಕನ್ ಫುಟ್‌ಬಾಲ್‌ನ ಕೋಆರ್ಡಿನೇಟರ್‌ಗೆ ಒಂದು ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ.

ಇಲ್ಲಿನ ಕನ್ನಡ ಕೂಟದ ಪತ್ರಿಕೆಗೆ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ನಾನಿರುವುದು ಡೆಟ್ರಾಯ್ಟ್ ಹತ್ತಿರ. 2025ರ ಜನವರಿಯಲ್ಲಿ ನಮ್ಮ ಲಯನ್ಸ್ ತಂಡ, ಆ ಸೀಸನ್‌ನ 17 ಪಂದ್ಯಗಳಲ್ಲಿ 15 ಗೆದ್ದಿದ್ದ ತಂಡ, ಪ್ಲೇಆಫ್‌ನಲ್ಲಿ ವಾಷಿಂಗ್ಟನ್ ಎದುರು ತವರಿನಲ್ಲೇ 45-31ರಿಂದ ಸೋತಿತು. ಆ ಸಂಕಟ ಆರುವ ಮೊದಲೇ, ಒಂದು ವಾರದೊಳಗೆ, ಹೆಡ್ ಕೋಚ್ ಕೆಳಗೆ ದಾಳಿ, ರಕ್ಷಣೆ ನೋಡಿಕೊಳ್ಳುತ್ತಿದ್ದ ಇಬ್ಬರು ಕೋಆರ್ಡಿನೇಟರ್‌ಗಳೂ ಗಂಟುಮೂಟೆ ಕಟ್ಟಿದರು. ಬೆನ್ ಜಾನ್ಸನ್ ಶಿಕಾಗೋ ಬೇರ್ಸ್‌ಗೆ ಹೆಡ್ ಕೋಚ್ ಆದರು, ಆರನ್ ಗ್ಲೆನ್ ನ್ಯೂಯಾರ್ಕ್ ಜೆಟ್ಸ್‌ಗೆ. ನನ್ನ ಬರಹ ಇದರ ಮೇಲೆಯೇ: ಈ ಕೋಆರ್ಡಿನೇಟರ್ ನಾಳೆ ಹೆಡ್ ಕೋಚ್ ಆಗಬಲ್ಲನಾ ಅಂತ ಮಾಲೀಕರು ಏನು ನೋಡಿ ತೂಗುತ್ತಾರೆ?

ಮೊದಲ ಪ್ಯಾರಾದಲ್ಲೇ ಸಿಕ್ಕಿಬಿದ್ದೆ. ನಿಘಂಟು ನೋಡಿ 'ಸಂಯೋಜಕ' ಅಂತ ಬರೆದು, ಸಾಗರದಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಅಪ್ಪ ಅಂದರು, "ಎನ್‌ಎಸ್‌ಎಸ್ ಶಿಬಿರಕ್ಕೆ ಸಂಯೋಜಕರು ಅಂತ ಇರ್ತಾರಲ್ಲ, ಬಸ್ಸು ಹೇಳೋದು, ಕುರ್ಚಿ ಹಾಕ್ಸೋದು, ಹಂಗಾ? ಅಂಥವರಿಗೆ ಇಷ್ಟೊಂದು ಸಂಬಳ ಕೊಟ್ಟು ಕರ್ಕೊಂಡು ಹೋಗ್ತಾರಾ?"

ಸರಿಯಾಗೇ ಕೇಳಿದರು. ಕನ್ನಡದಲ್ಲಿ ಸಂಯೋಜಕ ಅಂದರೆ ಓಡಾಡುವವನು, ಹೊಂದಿಸುವವನು. ತೀರ್ಮಾನ ಬೇರೆಯವರದು. ಇಲ್ಲಿಯ ಕೋಆರ್ಡಿನೇಟರ್ ಹಾಗಲ್ಲ. ದಾಳಿಗೆ ಒಬ್ಬ, ರಕ್ಷಣೆಗೆ ಒಬ್ಬ, ಒದೆತ ಮತ್ತು ಅದರ ಸುತ್ತಲಿನ ಕೆಲಸಕ್ಕೆ ಇನ್ನೊಬ್ಬ. ದಾಳಿಯ ಕೋಆರ್ಡಿನೇಟರ್ ಅಂದರೆ ಹೆಚ್ಚುಕಡಿಮೆ ಅರ್ಧ ತಂಡದ ಒಡೆಯ. ಒಂದು ಆಟ (ಇಡೀ ಪಂದ್ಯವಲ್ಲ, ಚೆಂಡು ಮುಂದೊಯ್ಯುವ ಒಂದು ಯತ್ನ, ಇಂಗ್ಲಿಷಿನ 'ಪ್ಲೇ') ಮುಗಿದ ಮೇಲೆ ಮುಂದಿನದಕ್ಕೆ 40 ಸೆಕೆಂಡ್ ಇರುತ್ತದೆ. ಅಷ್ಟರೊಳಗೆ ಹನ್ನೊಂದು ಜನ ಎಲ್ಲಿ ನಿಲ್ಲಬೇಕು, ಯಾರು ಯಾವ ಕಡೆ ಓಡಬೇಕು ಅನ್ನುವುದನ್ನು ರೇಡಿಯೋದಲ್ಲಿ ಕ್ವಾರ್ಟರ್‌ಬ್ಯಾಕ್‌ನ, ಅಂದರೆ ಮೈದಾನದಲ್ಲಿ ದಾಳಿಯ ಮುಂದಾಳಾದ ಆಟಗಾರನ, ಹೆಲ್ಮೆಟ್ಟಿಗೆ ಹೇಳಬೇಕು. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ರೇಡಿಯೋ ತಾನಾಗೇ ಕಟ್ ಆಗುತ್ತದೆ. ಆಮೇಲೆ ಹುಡುಗರ ಹಣೆಬರಹ.

ಕ್ರಿಕೆಟ್ ಪುಟದ ಪದಗಳು ಇಲ್ಲಿ ಕೈಕೊಡುವುದೂ ಇದಕ್ಕೇ. ಅಲ್ಲಿ ಬ್ಯಾಟಿಂಗ್ ಕೋಚ್, ಬೌಲಿಂಗ್ ಕೋಚ್ ಇದ್ದಾರೆ, ಅವರ ಮೇಲೆ ಮುಖ್ಯ ತರಬೇತುದಾರ. ದ್ರಾವಿಡ್ ಇದ್ದಾಗ ಪತ್ರಿಕೆಗಳು ಹಾಗೇ ಬರೆದವು, ಸರಿಯೂ ಆಗಿತ್ತು. ಆದರೆ ಮುಂದಿನ ಓವರ್ ಯಾರಿಗೆ ಅನ್ನುವುದು ಮೈದಾನದಲ್ಲಿರುವ ನಾಯಕನ ಕೈಯಲ್ಲಿ. ಇಲ್ಲಿ ಆ ಕೆಲಸ ಗೆರೆಯ ಹೊರಗೆ ನಿಂತವನದು, ಅಥವಾ ಮೇಲೆ ಗಾಜಿನ ಕೋಣೆಯಲ್ಲಿ ಕೂತವನದು. ಇದಕ್ಕೆ ಇಂಗ್ಲಿಷಿನಲ್ಲಿ ಪ್ಲೇ ಕಾಲಿಂಗ್ ಅನ್ನುತ್ತಾರೆ. 'ಆಟ ಕರೆಯುವುದು' ಅಂತ ಬರೆದರೆ ಮದುವೆಗೆ ಕರೆದ ಹಾಗಾಗುತ್ತದೆ. 'ಪಟ್ಟು ಹೇಳುವುದು' ಅಂತಲೂ ಯೋಚಿಸಿದೆ, ಗರಡಿಮನೆಯ ಪದ, ಗಟ್ಟಿಯಾಗಿದೆ. ಆದರೆ ಪಟ್ಟು ಇಬ್ಬರ ನಡುವಿನದು, ಹನ್ನೊಂದು ಜನರದ್ದಲ್ಲ.

ಇದನ್ನೆಲ್ಲ ವಿವರಿಸಿದ ಮೇಲೆ ಅಪ್ಪನೇ ದಾರಿ ತೋರಿಸಿದರು. "ಹಂಗಾದ್ರೆ ಭಾಗವತ ಅನ್ನು ಮಾರಾಯ. ಅವನೇ ಆಡಿಸೋದು." ಯಕ್ಷಗಾನ ನೋಡಿದವರಿಗೆ ಗೊತ್ತು, ವೇಷ ಕುಣಿಯುತ್ತದೆ ನಿಜ, ಆದರೆ ಯಾವ ಪದ್ಯ, ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಭಾಗವತರ ಕೈಯಲ್ಲಿ. ನಮ್ಮ ಕಡೆ ಯಕ್ಷಗಾನಕ್ಕೆ 'ಆಟ' ಅಂತಲೇ ಹೆಸರು, ಭಾಗವತರು 'ಆಟ ಆಡಿಸುತ್ತಾರೆ'. ಪ್ಲೇ ಕಾಲಿಂಗ್‌ಗೆ 'ಆಡಿಸುವುದು' ಅಂದರೆ ಮುಗಿಯಿತು! ಕೋಆರ್ಡಿನೇಟರ್ 'ಆಡಿಸುವವ'. ಕೇಳುಗ, ನೋಡುಗ ಇದ್ದ ಹಾಗೆ 'ಆಡಿಸುಗ' ಅಂತ ಕಟ್ಟಬಹುದಾ? ನನ್ನ ಕಿವಿಗೆ ಸ್ವಲ್ಪ ತೊಡರುತ್ತದೆ. ಇನ್ನೊಂದು ಅನುಮಾನವೂ ಇದೆ. ಹರಕೆ ಹೊತ್ತು ದುಡ್ಡು ಕೊಡುವವರೂ 'ಆಟ ಆಡಿಸುತ್ತಾರೆ'. ಹಾಗೆ ನೋಡಿದರೆ ತಂಡದ ಮಾಲೀಕನೂ ಆಡಿಸುವವನೇ. ಮತ್ತೆ 'ಅವನನ್ನು ಆಟ ಆಡಿಸ್ತಿದ್ದಾರೆ' ಅಂದರೆ ಅರ್ಥವೇ ಬೇರೆ.

ಅಪ್ಪ ಅಷ್ಟಕ್ಕೇ ಬಿಡಲಿಲ್ಲ. "ಭಾಗವತಿಕೆ ಚೆನ್ನಾಗಿದೆ ಅಂತ ಇಡೀ ಮೇಳ ನಡೆಸೋಕೆ ಕೊಡ್ತಾರಾ?"

ಇದೇ ನೋಡಿ. ನನ್ನ ಬರಹದ ವಿಷಯವನ್ನು ಒಂದು ಸಾಲಿನಲ್ಲಿ ಕೇಳಿಬಿಟ್ಟರು. 'ಮುಖ್ಯ ತರಬೇತುದಾರ' ಅಂದಾಗ ಅದು ಕೆಳಗಿನ ತರಬೇತುದಾರನ ದೊಡ್ಡ ಆವೃತ್ತಿ ಅನಿಸುತ್ತದೆ, ಬಡ್ತಿ ಸಿಕ್ಕ ಹಾಗೆ. ನಿಜದಲ್ಲಿ ಅದು ಬೇರೆಯೇ ಕೆಲಸ. ಸಹಾಯಕರನ್ನು ಆರಿಸುವುದು, 53 ಜನ ಆಟಗಾರರ ಸಿಟ್ಟು ಸೆಡವು ಸಂಭಾಳಿಸುವುದು, ಗಡಿಯಾರ ನಿಲ್ಲಿಸುವ ಟೈಮ್‌ಔಟ್ ಯಾವಾಗ, ನಾಲ್ಕನೇ ಯತ್ನದಲ್ಲಿ (ಹತ್ತು ಗಜ ಸಾಗಲು ಸಿಗುವುದು ನಾಲ್ಕೇ ಯತ್ನ) ಒದೆಯುವುದಾ ನುಗ್ಗುವುದಾ, ಸೋತ ಮೇಲೆ ಪತ್ರಕರ್ತರ ಮುಂದೆ ಕೂರುವುದು. ಇದಕ್ಕೆ ನನ್ನ ಪದ 'ನಡೆಸುವುದು'.

ಈ ಎರಡು ಪದ ಕೈಯಲ್ಲಿಟ್ಟುಕೊಂಡರೆ ಹಳೆಯ ಕಥೆಗಳೆಲ್ಲ ಬಿಡಿಸಿಕೊಳ್ಳುತ್ತವೆ. ನಥಾನಿಯಲ್ ಹ್ಯಾಕೆಟ್ ಗ್ರೀನ್ ಬೇ ತಂಡದಲ್ಲಿ ದಾಳಿಯ ಕೋಆರ್ಡಿನೇಟರ್. ಕೆಲವು ತಂಡಗಳಲ್ಲಿ ಹೆಡ್ ಕೋಚ್ ತಾನೇ ಆಡಿಸುವುದೂ ಉಂಟು. ಅಲ್ಲಿ ಆಡಿಸುತ್ತಿದ್ದವರು ಹೆಡ್ ಕೋಚ್ ಲಫ್ಲೂರ್, ಆದರೆ ಹ್ಯಾಕೆಟ್‌ಗೆ ಬಫಲೋ, ಜಾಕ್ಸನ್‌ವಿಲ್‌ನಲ್ಲಿ ತಾನೇ ಆಡಿಸಿದ ಅನುಭವ ಇತ್ತು. 2022ರಲ್ಲಿ ಡೆನ್ವರ್ ಹೆಡ್ ಕೋಚ್ ಆದರು. ಸಿಯಾಟಲ್‌ನಲ್ಲಿ ಮೊದಲ ಪಂದ್ಯವೇ ನೋಡಿ. ಒಂದು ಪಾಯಿಂಟ್ ಹಿಂದಿದ್ದಾರೆ, ನಾಲ್ಕನೇ ಯತ್ನ, ಬೇಕಿರುವುದು ಐದು ಗಜ, ಕೈಯಲ್ಲಿ ಟೈಮ್‌ಔಟ್‌ಗಳೂ ಇವೆ. ಸುಮ್ನೆ ಗಡಿಯಾರ ಓಡಲು ಬಿಟ್ಟು, ಕೊನೆಗೆ 64 ಗಜದಿಂದ ಗೋಲಿಗೆ ಒದೆಯಲು ಹೇಳಿದರು. ಗುರಿ ತಪ್ಪಿತು. 17-16ರಿಂದ ಸೋತರು. ಕೆಲವೇ ವಾರದಲ್ಲಿ ಇಂಥ ತೀರ್ಮಾನಕ್ಕೆ ಸಹಾಯ ಮಾಡಲೆಂದೇ ಜೆರಿ ರಾಸ್‌ಬರ್ಗ್ ಅವರನ್ನು ಕರೆಸಿಕೊಂಡರು. 15 ಪಂದ್ಯಗಳಲ್ಲಿ 4 ಗೆದ್ದ ಮೇಲೆ, ಸೀಸನ್ ಮುಗಿಯುವ ಮೊದಲೇ ಮನೆಗೆ ಕಳಿಸಿದರು. ಆಡಿಸುವುದು ಬರುತ್ತಿತ್ತು, ನಡೆಸುವುದು ಬರಲಿಲ್ಲ.

ನಿಕ್ ಸಿರಿಯಾನಿ ಇದಕ್ಕೆ ತಿರುಗಾಮುರುಗಾ. ಇಂಡಿಯಾನಾಪೊಲಿಸ್‌ನಲ್ಲಿ ಹೆಸರಿಗೆ ದಾಳಿಯ ಕೋಆರ್ಡಿನೇಟರ್, ಆಡಿಸುತ್ತಿದ್ದುದು ಹೆಡ್ ಕೋಚ್ ಫ್ರಾಂಕ್ ರೈಕ್. 2021ರಲ್ಲಿ ಫಿಲಡೆಲ್ಫಿಯಾ ಹೆಡ್ ಕೋಚ್ ಆದಾಗ ಜನ ನಕ್ಕರು. ಆ ವರ್ಷದ ಮಧ್ಯದಲ್ಲೇ ಆಡಿಸುವ ಕೆಲಸವನ್ನು ಶೇನ್ ಸ್ಟೈಕನ್ ಕೈಗೆ ಕೊಟ್ಟು ತಾನು ನಡೆಸುವುದಕ್ಕೆ ನಿಂತರು. 2025ರ ಫೆಬ್ರವರಿಯಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಇನ್ನು ಆಂಡಿ ರೀಡ್ ಕೋಆರ್ಡಿನೇಟರ್ ಆಗದೆಯೇ 1999ರಲ್ಲಿ ಹೆಡ್ ಕೋಚ್ ಆದವರು. ನಮ್ಮ ಲಯನ್ಸ್‌ನ ಡ್ಯಾನ್ ಕ್ಯಾಂಪ್‌ಬೆಲ್ ಕೂಡ ಹಾಗೇ.

ಎರಿಕ್ ಬಿಯೆನಮಿ ಕಥೆ ಮಾತ್ರ ಕಹಿ. ರೀಡ್ ಕೆಳಗೆ ಕಾನ್ಸಾಸ್ ಸಿಟಿಯಲ್ಲಿ ಐದು ಸೀಸನ್ ಕೋಆರ್ಡಿನೇಟರ್, ಎರಡು ಸೂಪರ್ ಬೌಲ್, ಹತ್ತಕ್ಕೂ ಹೆಚ್ಚು ತಂಡಗಳ ಸಂದರ್ಶನ, ಒಂದೂ ಕೈಗೂಡಲಿಲ್ಲ. 'ಆಡಿಸುವುದು ರೀಡ್ ಅಲ್ವಾ' ಅನ್ನುವ ಮಾತು ಪ್ರತಿ ಸಲ ಬರುತ್ತಿತ್ತು. ಅದೇ ರೀಡ್ ಕೆಳಗೆ ಅದೇ ಕುರ್ಚಿಯಲ್ಲಿ ಕೂತಿದ್ದ ಡಗ್ ಪೆಡರ್ಸನ್, ಮ್ಯಾಟ್ ನಾಗಿ ಇಬ್ಬರಿಗೂ ಹೆಡ್ ಕೋಚ್ ಕೆಲಸ ಸಿಕ್ಕಿತ್ತು. ಬಿಯೆನಮಿ ಕಪ್ಪು ಜನಾಂಗದವರು. ಅಂಥವರನ್ನೂ ಕರೆದು ಮಾತಾಡಿಸಲೇಬೇಕು ಅಂತ 2003ರಲ್ಲೇ ರೂನಿ ನಿಯಮ ಬಂದಿತ್ತು. ಕರೆದು ಮಾತಾಡಿಸಿದರು, ಅಷ್ಟೇ. ಒಂದೇ ಅಳತೆಕೋಲು ಒಬ್ಬೊಬ್ಬರಿಗೆ ಒಂದೊಂದು ಉದ್ದ ಆಗುತ್ತದೆ ಅಂತ ನನಗನಿಸುತ್ತದೆ.

ಇನ್ನೊಂದು ಪದ ಬಾಕಿ ಇದೆ. ಹೆಡ್ ಕೋಚ್ ಆಗಬಹುದಾದವನಿಗೆ ಏನನ್ನುವುದು? 'ಸಂಭಾವ್ಯ ಹೆಡ್ ಕೋಚ್' ಅಂದರೆ ಸಂಭಾವ್ಯ ಅಭ್ಯರ್ಥಿಗಳ ಪಟ್ಟಿ ನೆನಪಾಗುತ್ತದೆ, ಹೆಸರು ತೇಲಿಬಿಟ್ಟಿದ್ದಾರೆ ಅಷ್ಟೇ ಅನ್ನುವ ಹಾಗೆ. 'ಭಾವಿ' ಅಂದರೆ ಫ್ಲೆಕ್ಸ್‌ನ ಭಾವಿ ಶಾಸಕರು, ಆಗಲೇ ಗೆದ್ದಾಗಿದೆ. 'ಆಕಾಂಕ್ಷಿ' ಟಿಕೆಟ್‌ಗಾಗಿ ಅಲೆಯುತ್ತಿರುತ್ತಾನೆ. 'ಯೋಗ್ಯತೆ' ಬರೆಯೋಣ ಅಂದರೆ ಆ ಪದ ಆಡುಮಾತಿನಲ್ಲಿ ಬೈಗುಳಕ್ಕೇ ಜಾಸ್ತಿ ಬಳಕೆ. 'ಹೆಡ್ ಕೋಚ್ ಆಗುವ ಕಳೆ ಇದೆ' ಅನ್ನುವುದು ನನಗೆ ಇಷ್ಟ. ಆದರೆ ಕಳೆ ನೋಡಿಯೇ ಕೆಲಸ ಕೊಡುತ್ತಾರೆ ಅನ್ನುವುದೇ ಇಲ್ಲಿನ ದೂರು, ಆ ಪದ ಬಳಸಿದರೆ ನಾನೂ ಅದನ್ನೇ ಒಪ್ಪಿದ ಹಾಗಾಗುತ್ತದಾ?

ಸದ್ಯಕ್ಕೆ ಕೋಆರ್ಡಿನೇಟರ್, ಹೆಡ್ ಕೋಚ್ ಎರಡನ್ನೂ ಹಾಗೇ ಕನ್ನಡ ಅಕ್ಷರದಲ್ಲಿ ಬಿಟ್ಟು, ಕೆಲಸಗಳಿಗೆ ಮಾತ್ರ 'ಆಡಿಸುವುದು', 'ನಡೆಸುವುದು' ಅಂತ ಬರೆದಿದ್ದೇನೆ. ನಮ್ಮ ಕಡೆಯ ಯಕ್ಷಗಾನದ ಬಳಕೆ ಇಲ್ಲದವರಿಗೆ, ಮೈಸೂರು, ಕಲಬುರಗಿ ಕಡೆಯವರಿಗೆ 'ಆಡಿಸುವುದು' ಅಂದಾಗ ಮೊದಲು ಏನು ಹೊಳೆಯುತ್ತದೆ? ದೊಡ್ಡಾಟದಲ್ಲಿ, ಕೋಲಾಟದಲ್ಲಿ ಹೇಳಿಕೊಟ್ಟು ಆಡಿಸುವವರಿಗೆ ನಿಮ್ಮೂರಲ್ಲಿ ಬೇರೆ ಹೆಸರಿದ್ದರೆ ತಿಳಿಸಿ. ಬರಹ ಕೊಡಲು ಇನ್ನು ಹತ್ತು ದಿನ ಇದೆ.