ಬಾನೆಟ್ ಮೇಲೆ ಕಲ್ಲೇಟು: ಸಿಲ್ವರ್ ಬಣ್ಣದ ಟಚ್‌ಅಪ್ ಮನೆಯಲ್ಲೇ ಆಗುತ್ತಾ?

ಕುಂದಾಪುರದವ

ನಮಸ್ಕಾರ. ನನ್ನದು 2016ರ ಸ್ವಿಫ್ಟ್, ಸಿಲ್ಕಿ ಸಿಲ್ವರ್. ದಿನಾ ಕುಂದಾಪುರದಿಂದ ಉಡುಪಿಗೆ ಹೆದ್ದಾರಿ 66ರಲ್ಲಿ ಹೋಗಿ ಬರುತ್ತೇನೆ. ಜಲ್ಲಿ ಟಿಪ್ಪರ್ ಹಿಂದೆ ಸಿಕ್ಕಿಬಿದ್ದ ದಿನಗಳ ಲೆಕ್ಕವೆಲ್ಲ ಬಾನೆಟ್ ಮೇಲಿದೆ. ಏಳು ಕಡೆ ಬಣ್ಣ ಹಾರಿದೆ, ಎರಡು ಕಡೆ ಆಗಲೇ ತುಕ್ಕು. ಅಪ್ಪ ನಿವೃತ್ತರಾದಾಗ ತಗೊಂಡ ಕಾರು ಇದು. ಇದುವರೆಗೆ ಎಲ್ಲೂ ಪೇಂಟ್ ಮಾಡಿಸಿಲ್ಲ, ಈಗಲೂ ಇಡೀ ಬಾನೆಟ್ ಮಾಡಿಸಲು ಮನಸ್ಸಿಲ್ಲ.

ಅಂಗಡಿಯಲ್ಲಿ ಸಿಲ್ವರ್ ಅಂತ ಕೇಳಿ ಒಂದು ಬಾಟಲಿ ತಂದು ಒಂದು ಚುಕ್ಕೆಗೆ ಹಚ್ಚಿದೆ. ಬೂದಿ ಮೆತ್ತಿದ ಹಾಗೆ ಕಪ್ಪಗೆ ಕಾಣುತ್ತಿದೆ. ಮಳೆಗಾಲಕ್ಕೆ ಮೂರೇ ವಾರ ಇದೆ. ಏನು ಮಾಡಲಿ?

ಬಣ್ಣದ ಡಬ್ಬಿ

ಬರೀ ಸಿಲ್ವರ್ ಅಂತ ಕೇಳಿದರೆ ಯಾವ ಸಿಲ್ವರ್ ಬೇಕಾದರೂ ಕೊಡುತ್ತಾರೆ ಮಾರಾಯ್ರೆ. ನಿಮ್ಮ ಬಣ್ಣದ ಕೋಡ್ ಝಡ್2ಎಸ್. ಕಾರಿನಲ್ಲಿ ಕಂಪನಿ ಹಾಕಿರುವ ಮಾಹಿತಿ ಪ್ಲೇಟ್ ಮೇಲೂ ಒಮ್ಮೆ ನೋಡಿಕೊಳ್ಳಿ. ಕೋಡ್ ಒಂದೇ ಆದರೂ ಹತ್ತು ವರ್ಷದ ಬಿಸಿಲಿಗೆ ಬಣ್ಣ ಸ್ವಲ್ಪ ಬದಲಾಗಿರುತ್ತದೆ. ಪೇಂಟ್ ಮಿಕ್ಸ್ ಮಾಡುವ ಅಂಗಡಿಗೆ ಹೋಗುವಾಗ ಪೆಟ್ರೋಲ್ ಟ್ಯಾಂಕಿನ ಹೊರಗಿನ, ಬಣ್ಣ ಇರುವ ಮುಚ್ಚಳ ಬಿಚ್ಚಿಕೊಂಡು ಹೋಗಿ, ಅದನ್ನೇ ಇಟ್ಟು ಹೊಂದಿಸುತ್ತಾರೆ.

ಹಳೇ ಪೇಂಟರ್, ಶಿವಮೊಗ್ಗ

ನಾನು 22 ವರ್ಷ ಟಿಂಕರಿಂಗ್ ಪೇಂಟಿಂಗ್ ಶೆಡ್ಡಿನಲ್ಲಿ ಕೆಲಸ ಮಾಡಿದವನು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮೆಟಾಲಿಕ್ ಸಿಲ್ವರ್ ಅನ್ನು ಬ್ರಷ್‌ನಲ್ಲಿ ಹಚ್ಚಿದರೆ ಕಾಣದ ಹಾಗೆ ಮುಚ್ಚಲು ಆಗುವುದಿಲ್ಲ. ಆ ಬಣ್ಣದಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಸ್ಪ್ರೇ ಗನ್ನಿನಲ್ಲಿ ಹೊಡೆದಾಗ ಅವು ಚಪ್ಪಟೆಯಾಗಿ ಮಲಗುತ್ತವೆ, ಬೆಳಕು ಹೊಳೆಯುತ್ತದೆ. ಬ್ರಷ್‌ನಲ್ಲಿ ಅಡ್ಡಾದಿಡ್ಡಿ ನಿಲ್ಲುತ್ತವೆ, ಅದಕ್ಕೇ ಕಪ್ಪು. ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸದೆ ಹಚ್ಚಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ, ಚೂರೆಲ್ಲ ತಳದಲ್ಲಿ ಕೂತಿರುತ್ತದೆ. ನಿಮ್ಮ ಮುಖ್ಯ ಕೆಲಸ ತುಕ್ಕು ನಿಲ್ಲಿಸುವುದು. ಅದನ್ನು ಮನೆಯಲ್ಲೇ ಚೆನ್ನಾಗಿ ಮಾಡಬಹುದು.

ಹಚ್ಚಿದ ತಪ್ಪು ಬಣ್ಣವನ್ನು ತಿನ್ನರ್ ತಾಗಿಸಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ ತೆಗೆಯಿರಿ. ಕಂಪನಿ ಬಣ್ಣ ಒಲೆಯಲ್ಲಿ ಬೇಯಿಸಿದ್ದು, ಅಷ್ಟಕ್ಕೆ ಕರಗದು. ಗ್ಯಾರೇಜಿನಲ್ಲಿ ಹೊಡೆಸಿದ ಬಣ್ಣವಾಗಿದ್ದರೆ ನಾನು ತಿನ್ನರ್ ಮುಟ್ಟಿಸಬೇಡಿ ಅಂತಿದ್ದೆ.

ತುಕ್ಕನ್ನು ಸೂಜಿಯಿಂದ ಕೆರೆದು ಬಿಳಿ ತಗಡು ಕಾಣುವವರೆಗೆ ತೆಗೆಯಿರಿ. ಇಲ್ಲಿ ಅವಸರ ಮಾಡಬೇಡಿ. ಒಂಚೂರು ಉಳಿದರೂ ಮುಂದಿನ ವರ್ಷ ಬಣ್ಣದ ಕೆಳಗೆ ಗುಳ್ಳೆ ಏಳುತ್ತದೆ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ತಗಡು ಕಂಡ ಕಡೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ಅಸ್ತರು, ಒಂದು ಹನಿ. ಬಾಟಲಿಯ ಬ್ರಷ್ ದಪ್ಪ, ಬೇಡ. ಹಲ್ಲುಕಡ್ಡಿಯ ತುದಿ ಸಾಕು. ಬಣ್ಣ ಗುಂಡಿಯೊಳಗೆ ಮಾತ್ರ ಬೀಳಬೇಕು. ತೆಳುವಾಗಿ ಎರಡು ಮೂರು ಸಲ ಹಚ್ಚಿ. ಪ್ರತಿ ಸಲವೂ ಪೂರ್ತಿ ಒಣಗಲಿ. ಕೊನೆಗೆ ಕ್ಲಿಯರ್, ಅಂದರೆ ಬಣ್ಣದ ಮೇಲೆ ಹಚ್ಚುವ ಪಾರದರ್ಶಕ ಪದರ.

ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಾಕಿ ಸಮ ಮಾಡಲು ಹೋಗಬೇಡಿ. ಕಾರಿನ ಬಣ್ಣ ಎಲ್ಲ ಪದರ ಸೇರಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ ದಪ್ಪ. ಕೈ ಪಳಗದವರು ಸುತ್ತಲಿನ ಕ್ಲಿಯರ್ ತಿಂದುಹಾಕಿ ಸಣ್ಣ ಚುಕ್ಕೆಯನ್ನು ದೊಡ್ಡ ಕಲೆ ಮಾಡಿಕೊಂಡದ್ದನ್ನು ಎಷ್ಟೋ ನೋಡಿದ್ದೇನೆ.

ಮಲ್ಪೆ ಗಾಳಿ

ಕರಾವಳಿಯವರಿಗೆ ಇನ್ನೊಂದು. ಮೋಡ ಕವಿದ ಸೆಕೆಯಲ್ಲಿ ಹಚ್ಚಬೇಡಿ. ಗಾಳಿಯ ತೇವಕ್ಕೆ ಕ್ಲಿಯರ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ನನಗೆ ಹಾಗೇ ಆಯ್ತು. ಒಣ ದಿನ ನೋಡಿ, ಬೆಳಿಗ್ಗೆ ಎಂಟು ಒಂಬತ್ತಕ್ಕೆ, ನೆರಳಲ್ಲಿ. ಕಾದ ಬಾನೆಟ್ ಮೇಲೂ ಬೇಡ.

ಕುಂದಾಪುರದವ

ಎಲ್ಲರಿಗೂ ಧನ್ಯವಾದ. ಈ ಭಾನುವಾರ ಕೂತೆ. ತುಕ್ಕು ತೆಗೆಯುವುದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಒಂದು ಚುಕ್ಕೆ ಹೊರಗೆ ಸಾಸಿವೆಯಷ್ಟು, ಕೆರೆದರೆ ಒಳಗೆ ಕಡಲೆಕಾಳಿನಷ್ಟು ಇತ್ತು. ಅಪ್ಪ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಟಾರ್ಚ್ ಹಿಡಿದರು.

ಹತ್ತಿರ ಹೋದರೆ ಏಳೂ ಕಾಣುತ್ತವೆ. ನಾಲ್ಕು ಹೆಜ್ಜೆ ಹಿಂದೆ ನಿಂತರೆ ನನಗೆ ಎರಡೇ ಕಂಡದ್ದು, ಅಪ್ಪನಿಗೆ ಒಂದೂ ಇಲ್ಲ. ಒಂದು ವಾರ ತೊಳೆಯುವುದಿಲ್ಲ. ಟ್ಯಾಂಕಿನ ಮುಚ್ಚಳ ವಾಪಸ್ ಹಾಕಿ ಆಯ್ತು.