ಆ ಸದ್ದನ್ನು ಕಫ ಅಂತ ಬಿಡಬೇಡ ಪುಟ್ಟಿ

ಪುಟ್ಟೀ, ನಿನ್ನ ಮೆಸೇಜು ಸೊಸೆ ಓದಿ ಹೇಳಿದಳು. ಕೂಸಿನ ಬಲ ಶ್ವಾಸಕೋಶ ತೆಗೆದು 5 ತಿಂಗಳಾಯಿತು, ಈಗ ಉಸಿರಿನಲ್ಲಿ ಗೊರಗೊರ ಸದ್ದು, ಎದೆಯೊಳಗೆ ಉಪ್ಪುನೀರಿನ ಚೀಲ ಇಡುತ್ತಾರಂತೆ, ಒಪ್ಪೋದಾ ಬಿಡೋದಾ ಅಂತ ಕೇಳಿದ್ದೀಯ. ಟೈಪ್ ಮಾಡೋದು ನನ್ನ ಕೈಲಾಗುವುದಿಲ್ಲ, ಮಾತಾಡಿಬಿಡುತ್ತೇನೆ.

ನಮ್ಮ ಮಗಳ ಎರಡನೆಯವನು ಗೊತ್ತಲ್ಲ. ಅವನಿಗೂ ಬಲಗಡೆಯದೇ ತೆಗೆದಿದ್ದು. ಮನೆಗೆ ಬಂದಾಗ ಚೆನ್ನಾಗಿದ್ದ. ಆಮೇಲೆ ಹಾಲು ಕುಡಿಯುವಾಗ ನಾಲ್ಕು ಗುಟುಕಿಗೊಮ್ಮೆ ಬಾಯಿ ಬಿಡುವನು. ಕತ್ತಿನ ಕೆಳಗೆ ಗುಳಿ ಬೀಳೋದು. ನಾವು ಕಫ ಅಂದುಕೊಂಡೆವು. ಬೀದಿ ಡಾಕ್ಟರು ವೀಸಿಂಗ್ ಅಂದರು. 3 ತಿಂಗಳು ನೆಬುಲೈಸರ್ ಹಿಡಿದುಕೊಂಡು ಕೂತವಳು ನಾನೇ. ಒಂದು ರಾತ್ರಿ ತುಟಿ ನೇರಳೆಹಣ್ಣು ತಿಂದ ಹಾಗಾಯಿತು. ಆ ಸದ್ದನ್ನು ಕಫ ಅಂತ ಬಿಡಬೇಡ.

ದೊಡ್ಡ ಡಾಕ್ಟರು ಚೀಟಿ ಹಿಂದೆ ಚಿತ್ರ ಬರೆದು ತೋರಿಸಿದರು. ಬಲಗಡೆ ಖಾಲಿಯಾದರೆ ಹೃದಯ ಅತ್ತ ವಾಲುತ್ತದೆ, ಎಡ ಶ್ವಾಸಕೋಶವೂ ಉಬ್ಬಿ ಹಿಂದೆಯೇ ಹೋಗುತ್ತದೆ. ಉಳಿದ ಒಂದೇ ಉಸಿರುಕೊಳವೆ ಎಳೆದುಕೊಂಡು, ರಕ್ತನಾಳಕ್ಕೂ ಬೆನ್ನುಮೂಳೆಗೂ ನಡುವೆ ಚಪ್ಪಟೆ. ತೋಟದ ಪೈಪು ಮಡಿಚಿದ ಹಾಗೆ. ನೆಬುಲೈಸರ್ ಏನು ಮಾಡೀತು? ಚೀಲ ಇಟ್ಟರೆ ಹೃದಯ ನಡುವಿಗೆ ಬರುತ್ತದೆ. ಚರ್ಮದ ಕೆಳಗೆ ಬಟನ್ ಥರದ್ದೊಂದು ಇರುತ್ತದೆ, ಮಗು ಬೆಳೆದ ಹಾಗೆ ಸೂಜಿಯಲ್ಲಿ ನೀರು ಸೇರಿಸುತ್ತಾರೆ. ನಮ್ಮವನಿಗೂ ಇಟ್ಟರು. ಈಗ ಸೈಕಲ್ ತುಳಿಯುತ್ತಾನೆ.

ಆಗ ಇದೇ ಗ್ರೂಪಿನಲ್ಲಿ, ಇಷ್ಟು ಕೂಸಿಗೆ ಎರಡೆರಡು ಸಲ ಕತ್ತಿ ಯಾಕೆ, ಜೇನುತುಪ್ಪ ನೆಕ್ಕಿಸಿ ಅಂದವರಿದ್ದಾರೆ. ವರ್ಷ ತುಂಬದ ಮಗುವಿಗೆ ಜೇನು! ಕೇಳಿಸಿಕೊಳ್ಳುತ್ತಿದ್ದಾರೆ ಅಲ್ವಾ. 18 ದಿನ ಆಸ್ಪತ್ರೆಯಲ್ಲಿದ್ದೆವು, ಒಂದು ಫ್ಲಾಸ್ಕ್ ಕಾಫಿ ತಂದವರಿಲ್ಲ. ಅವನ ಹುಟ್ಟುಹಬ್ಬಕ್ಕೆ ಮಾತ್ರ ಮೊದಲ ಪಂಕ್ತಿಯಲ್ಲೇ ಕೂತರು. ಹೋಗಲಿ ಬಿಡು. ಮತ್ತೆ ಹೇಳುತ್ತೇನೆ, ಕಫ ಅಂತ ಬಿಡಬೇಡ.

ಅಯ್ಯೋ, ಮುಖ್ಯವಾದದ್ದೇ ಮರೆತೆ. ಸದ್ದು ಬರುವಾಗ ಅಂಗಿ ಬಿಚ್ಚಿ, ಎದೆ ಕಾಣುವ ಹಾಗೆ ವಿಡಿಯೋ ಮಾಡಿಕೋ. ಡಾಕ್ಟರ ಮುಂದೆ ಇವು ಸುಮ್ನೆ ಮಲಗಿಬಿಡುತ್ತವೆ. ಸಿಟಿ ಸ್ಕ್ಯಾನಿನ ಸಿಡಿ, ಹಳೆಯ ಡಿಸ್ಚಾರ್ಜ್ ಕಾಗದ ಎರಡೂ ಒಯ್ಯಿ. ಬ್ರಾಂಕೋಸ್ಕೋಪಿಯಲ್ಲಿ, ಅಂದರೆ ಸಣ್ಣ ಕ್ಯಾಮೆರಾ ಇಳಿಸಿ, ಉಸಿರುಕೊಳವೆ ಒಳಗೆ ನೋಡಿದ್ದೀರಾ ಅಂತ ಕೇಳು. ಚೀಲ ಇಟ್ಟ ಮೇಲೂ ಕೊಳವೆ ಮೆತ್ತಗೆ ಕುಸಿದರೆ ಮುಂದೇನು ಅಂತಲೂ ಕೇಳು. ಕೆಲವು ಮಕ್ಕಳಿಗೆ ಹೃದಯದ ದೊಡ್ಡ ರಕ್ತನಾಳವನ್ನು ಎದೆಮೂಳೆಗೆ ಎತ್ತಿ ಹೊಲಿಯುತ್ತಾರೆ, ಉಸಿರುಕೊಳವೆ ತೆರೆದಿರಲಿ ಅಂತ ಅದರೊಳಗೆ ಸ್ಟೆಂಟೂ ಹಾಕುವುದುಂಟು. ತುಟಿ ನೀಲಿಯಾದರೆ, ಹಾಲು ಬಿಟ್ಟರೆ ಅಪಾಯಿಂಟ್‌ಮೆಂಟ್ ಕಾಯಬೇಡ, ನೇರ ಎಮರ್ಜೆನ್ಸಿಗೆ ಹೋಗು.

ವಿಡಿಯೋ ನನಗೂ ಕಳಿಸು. ಗ್ರೂಪಿಗೆ ಹಾಕಬೇಡ.