ಟ್ರಂಬೋನ್ ಊದಿದ ಕೂಡಲೇ ಡ್ರಮ್ಸ್ ಕುಗ್ಗುತ್ತದೆ, ರೆಕಾರ್ಡಿಂಗ್‌ನಲ್ಲಿ ಮಾತ್ರ

ಕೋಟೆ_ಬ್ರಾಸ್, ಬಳ್ಳಾರಿ:
ತಲೆ ಕೆಟ್ಟುಹೋಗಿದೆ. ನಮ್ಮ ಬ್ಯಾಂಡ್‌ನಲ್ಲಿ ಈಗ ಫಂಕ್ (ತಾಳಕ್ಕೇ ಒತ್ತು ಕೊಡುವ ಅಮೆರಿಕನ್ ಸಂಗೀತ) ನುಡಿಸುತ್ತಿದ್ದೇವೆ, ಟ್ರಂಬೋನ್ (ಸ್ಲೈಡ್ ಎಳೆದು ನುಡಿಸುವ ಹಿತ್ತಾಳೆ ವಾದ್ಯ) ನಾನೇ. ಸ್ಟೇಜ್ ಮೇಲೆ ಎಲ್ಲಾ ಸರಿ. ಲೈವ್ ರೆಕಾರ್ಡಿಂಗ್ ಕೇಳಿದರೆ ನಾನು ಊದಿದ ಕೂಡಲೇ ಡ್ರಮ್ಸ್, ಬೇಸ್ ಎರಡೂ ಒಳಗೆ ಹೋಗಿ ಕೂತುಬಿಡುತ್ತವೆ. ಆಮೇಲೆ ನಿಧಾನಕ್ಕೆ ಮೇಲೆ ಬರುತ್ತವೆ. ಫೈಲ್ ಹಾಕಿದ್ದೇನೆ, ಕೇಳಿ. ಭಾನುವಾರ ಗಂಗಾವತಿಯಲ್ಲಿ ಪ್ರೋಗ್ರಾಂ ಇದೆ. ಏನು ಮಾಡಲಿ?

ತುಂಗಭದ್ರಾ_ಸೌಂಡ್, ಸಿಂಧನೂರು:
ಮೈಕ್ ಬದಲಾಯಿಸಿ ಅಣ್ಣಾ. ಶೂರ್ 57 ಇರಬೇಕು, ಅದು ಟ್ರಂಬೋನ್ ತಡೆಯಲ್ಲ. ಸೆನ್‌ಹೈಸರ್ 421 ಹಾಕಿ.

ರಾಯಚೂರು_ಬೇಸ್:
57 ಡೈನಮಿಕ್ ಮೈಕ್, ಜೋರು ಸದ್ದು ತಡೆಯುವಂಥದ್ದು. ಸ್ನೇರ್ ಡ್ರಮ್ ಪಕ್ಕದಲ್ಲೇ ಇಡುತ್ತಾರೆ, ಟ್ರಂಬೋನ್ ಯಾವ ಲೆಕ್ಕ?

ತುಂಗಭದ್ರಾ_ಸೌಂಡ್:
ಹಾಗಾದರೆ ಮೈಕ್ ತೀರಾ ಹತ್ತಿರ ಇದೆ. ಚೂಪಾದ ಸದ್ದೆಲ್ಲ ಬೆಲ್‌ನ (ವಾದ್ಯದ ಅಗಲ ಬಾಯಿಯ) ನೇರಕ್ಕೇ ಬರುತ್ತದೆ. ಒಂದಡಿ ಹಿಂದೆ, ಸ್ವಲ್ಪ ಪಕ್ಕಕ್ಕೆ ಇಡಿ. ಮದುವೆ ಸೀಸನ್‌ನಲ್ಲಿ ಒಂದು ದಿನವೂ ತೊಂದರೆ ಬಂದಿಲ್ಲ.

ಕೊಪ್ಪಳ_ಕೀಸ್:
ಫೈಲ್ ಕೇಳಿದೆ. ಟ್ರಂಬೋನ್ ಶ್ರುತಿ ಕೀಬೋರ್ಡ್‌ಗಿಂತ ಮೇಲಿದೆ. ಮೊದಲು ಅದು ಸರಿಯಾಗಲಿ.

ಕೋಟೆ_ಬ್ರಾಸ್:
ಬಳ್ಳಾರಿ ಬಿಸಿಲಿಗೆ ಹಿತ್ತಾಳೆ ವಾದ್ಯದ ಶ್ರುತಿ ಏರಿಯೇ ಏರುತ್ತದೆ ಸರ್. ನುಡಿಸುವಾಗ ಸ್ಲೈಡ್ ಎಳೆದು ಸರಿ ಮಾಡಿಕೊಳ್ಳುತ್ತೇನೆ. ನಾನು ಕೇಳಿದ್ದು ಅದಲ್ಲ.

ಕೊಪ್ಪಳ_ಕೀಸ್:
7ನೇ ಪೊಸಿಷನ್‌ನಲ್ಲಿ, ಅಂದರೆ ಕೊನೆಯ ಜಾಗದಲ್ಲಿ, ಸ್ಲೈಡ್ ಆಗಲೇ ತುದಿಯಲ್ಲಿರುತ್ತದೆ, ಇನ್ನೆಲ್ಲಿಗೆ ಎಳೆಯುತ್ತೀರಿ? ಹಿಂದಿನ ಟ್ಯೂನಿಂಗ್ ಸ್ಲೈಡನ್ನೇ ಸ್ವಲ್ಪ ಹೊರಗೆ ಎಳೆದಿಡಿ.

ರಾಯಚೂರು_ಬೇಸ್:
ಶ್ರುತಿ ಮಾತು ಬೇರೆ ಥ್ರೆಡ್‌ನಲ್ಲಿ ಆಡೋಣ. ಅಣ್ಣಾ, ರೆಕಾರ್ಡ್ ಮಾಡಿದ್ದು ಯಾವುದರಲ್ಲಿ?

ಕೋಟೆ_ಬ್ರಾಸ್:
ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರ್. ಮಿಕ್ಸರ್‌ನ ಲೈನ್ ಔಟ್‌ನಿಂದ ವೈರ್ ಕೊಟ್ಟಿದ್ದೇವೆ, ಎಲ್ಲರೂ ಮಾಡುವ ಹಾಗೆ.

ರಾಯಚೂರು_ಬೇಸ್:
ಇದನ್ನು ಮೊದಲೇ ಹೇಳಬೇಕಿತ್ತು. ಮೆನುವಿನಲ್ಲಿ ಆಟೋ ಲೆವೆಲ್ ಆನ್ ಇದೆಯಾ ನೋಡಿ. ಇದ್ದರೆ ಕಾರಣ ಅದೇ. ಯಾವುದು ಜೋರಾಗಿ ಬಂತೋ ಅದಕ್ಕೆ ಇಡೀ ಮಿಕ್ಸನ್ನೇ ತಗ್ಗಿಸುತ್ತದೆ. ಮತ್ತೆ ಏರಿಸುವುದು ನಿಧಾನ. ಮೆಲ್ಲನೆಯ ಹಾಡಿನಲ್ಲಿ ಇದು ಗೊತ್ತೇ ಆಗಲ್ಲ. ಫಂಕ್‌ನಲ್ಲಿ ಟ್ರಂಬೋನ್ ಕೆಲಸವೇ ಬೇರೆ, ಅದು ಅರ್ಧ ತಾಳವಾದ್ಯ. ಫಂಕ್ ಗಾಯಕ ಜೇಮ್ಸ್ ಬ್ರೌನ್ ಬ್ಯಾಂಡ್‌ನಲ್ಲಿ ಟ್ರಂಬೋನ್ ವಾದಕ ಫ್ರೆಡ್ ವೆಸ್ಲಿ ಊದಿದ್ದನ್ನು ಕೇಳಿ. ಚಿಕ್ಕ ಚಿಕ್ಕ ಹೊಡೆತ, ಬಿಟ್ಟ ಜಾಗಕ್ಕೆ ಸರಿಯಾಗಿ. ಇಡೀ ಬ್ಯಾಂಡ್ ಒತ್ತು ಕೊಡುವುದು ತಾಳದ ಒಂದನೇ ಪೆಟ್ಟಿಗೆ. ಅದಕ್ಕೆ ಸ್ವಲ್ಪ ಮುಂಚೆ ನೀವು ಊದಿದರೆ ರೆಕಾರ್ಡರ್ ಆ ಪೆಟ್ಟನ್ನೇ ನುಂಗುತ್ತದೆ. ಡ್ರಮ್ಸ್ ಹೋದರೆ ನಿಮ್ಮ ಟ್ರಂಬೋನ್‌ಗೂ ಅರ್ಥವಿಲ್ಲ.

ಆಟೋ ಆಫ್ ಮಾಡಿ, ಲೆವೆಲ್ ಕೈಯಲ್ಲೇ ಇಡಿ. 24 ಬಿಟ್‌ನಲ್ಲಿ (ಸದ್ದನ್ನು ಹೆಚ್ಚು ಸೂಕ್ಷ್ಮವಾಗಿ ಹಿಡಿಯುವ ಸೆಟ್ಟಿಂಗ್), ಅತಿ ಜೋರಾದ ಹೊಡೆತಕ್ಕೆ ಮೀಟರ್ ಮೈನಸ್ 12 ಡೆಸಿಬಲ್ ಹತ್ರ ಇರಲಿ. ಸೌಂಡ್ ಚೆಕ್‌ನಲ್ಲಿ ಸುಮ್ನೆ ಮೆಲ್ಲಗೆ ಊದಿ ಮುಗಿಸಬೇಡಿ. ಪ್ರೋಗ್ರಾಂನಲ್ಲಿ ಎಷ್ಟು ಜೋರೋ ಅಷ್ಟೇ ಊದಿ.

ತುಂಗಭದ್ರಾ_ಸೌಂಡ್:
ಲೆವೆಲ್ ಅಷ್ಟು ಕಡಿಮೆ ಇಟ್ಟರೆ ಸುಯ್ ಅನ್ನುವ ಸದ್ದು ಜಾಸ್ತಿ ಆಗುತ್ತದೆ.

ರಾಯಚೂರು_ಬೇಸ್:
24 ಬಿಟ್‌ನಲ್ಲಿ ಆಗಲ್ಲ. ಆಮೇಲೆ ಏರಿಸಿಕೊಳ್ಳಬಹುದು. ಲೆವೆಲ್ ಮೀರಿ ಒಡೆದ ಸದ್ದನ್ನು ಸರಿ ಮಾಡಲು ಆಗಲ್ಲ.

ಕೋಟೆ_ಬ್ರಾಸ್:
ಆಟೋ ಆನ್ ಇತ್ತು. ಆಫ್ ಮಾಡಿ ಪ್ರಾಕ್ಟೀಸ್ ರೆಕಾರ್ಡ್ ಮಾಡಿದೆವು. ಡ್ರಮ್ಸ್ ಗಟ್ಟಿಯಾಗಿ ನಿಂತಿದೆ! ಆದರೆ ಬೇಸ್ ಇನ್ನೂ ಕಡಿಮೆ.

ರಾಯಚೂರು_ಬೇಸ್:
ಬೇಸ್ ಮಿಕ್ಸರ್‌ಗೆ ಬರುತ್ತಿದೆಯಾ, ಇಲ್ಲ ಸ್ಟೇಜ್ ಮೇಲಿನ ಆಂಪ್‌ನಿಂದ (ಸದ್ದು ಏರಿಸುವ ಪೆಟ್ಟಿಗೆ) ಮಾತ್ರ ಕೇಳುತ್ತಿದೆಯಾ? ಮಿಕ್ಸರ್‌ಗೆ ಬಾರದ್ದು ರೆಕಾರ್ಡರ್‌ಗೂ ನೇರವಾಗಿ ಹೋಗಲ್ಲ.